ಓಷ್ಕೋಷ್ ವಿಮಾನ ಮೇಳಕ್ಕೆ ಕಾರಿನಲ್ಲಿ: 41ರ ದಾರಿಯೋ, 26ರ ದಾರಿಯೋ?

ಶಿಕಾಗೋದ ವಾಯವ್ಯ ಉಪನಗರಗಳಿಂದ ವಿಸ್ಕಾನ್ಸಿನ್ ರಾಜ್ಯದ ಓಷ್ಕೋಷ್‌ಗೆ ಹೋಗಲು ಎರಡು ದಾರಿಗಳಿವೆ. ಒಂದು, ಮಿಲ್ವಾಕಿ ನಗರವನ್ನು ಹಾದು ಹೆದ್ದಾರಿ 41 ಹಿಡಿಯುವುದು. ಇನ್ನೊಂದು, ರಾಕ್‌ಫರ್ಡ್ ದಾಟಿ ಜೇನ್ಸ್‌ವಿಲ್‌ನಲ್ಲಿ ರಾಜ್ಯ ಹೆದ್ದಾರಿ 26ಕ್ಕೆ ತಿರುಗುವುದು. ಎರಡೂ 165 ಮೈಲಿಯ ಆಸುಪಾಸು. ಮೊಬೈಲಿನ ನಕ್ಷೆಯನ್ನು ಕೇಳಿದರೆ ಎರಡಕ್ಕೂ ಮೂರು ಗಂಟೆಯಷ್ಟು ಎನ್ನುತ್ತದೆ. ಅದಕ್ಕೆ ಗೊತ್ತಿರುವುದು ಅಷ್ಟೇ. ಬೇರೆ ಬೇರೆ ವರ್ಷ, ಬೇರೆ ಬೇರೆ ಹೊತ್ತಿನಲ್ಲಿ ಎರಡರಲ್ಲೂ ಓಡಾಡಿದವನ ಅಭಿಪ್ರಾಯ ಬೇಕೆಂದರೆ, ಹೋಗಲು 26, ಮರಳಲು 41. ಕಾರಣಗಳನ್ನು ಕೆಳಗೆ ಹೇಳುತ್ತೇನೆ. ಆದರೆ ದಾರಿಯ ಆಯ್ಕೆಗಿಂತಲೂ ದೊಡ್ಡ ಆಯ್ಕೆ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದು. ಅದರಲ್ಲಿ ಎಡವಿದರೆ ಯಾವ ದಾರಿಯೂ ಕೈ ಹಿಡಿಯುವುದಿಲ್ಲ.

ಮೇಳದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಸ್ವಂತ ಕೈಯಿಂದ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳಿಗಾಗಿ ಪಾಲ್ ಪೊಬೆರೆಜ್ನಿ ಎಂಬವರು 1953ರಲ್ಲಿ ಮಿಲ್ವಾಕಿಯಲ್ಲಿ ಇಎಎ (ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್) ಸಂಘವನ್ನು ಸ್ಥಾಪಿಸಿದರು. ಅದರ ವಾರ್ಷಿಕ ಕೂಟವೇ ಈಗಿನ ಏರ್‌ವೆಂಚರ್. ಓಷ್ಕೋಷ್ ಊರಿನ ಜನಸಂಖ್ಯೆ ಸುಮಾರು 66 ಸಾವಿರ. ಜುಲೈ ಕೊನೆಯ ಆ ಒಂದು ವಾರದಲ್ಲಿ ಬರುವ ಜನ ಆರು ಲಕ್ಷಕ್ಕೂ ಮಿಕ್ಕಿ, ಸುತ್ತಮುತ್ತ ಇಳಿಯುವ ವಿಮಾನಗಳು ಹತ್ತು ಸಾವಿರ. ಅಲ್ಲಿನ ವಿಟ್‌ಮನ್ ನಿಲ್ದಾಣದ ಕಂಟ್ರೋಲ್ ಟವರ್ ಆ ವಾರದ ಮಟ್ಟಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಕೆಲಸವಿರುವ ಟವರ್. ಯಲಹಂಕದ ಏರೋ ಇಂಡಿಯಾ ನೋಡಿದವರು ಇದನ್ನು ಅದರ ಪಕ್ಕದಲ್ಲಿಟ್ಟು ಅಳೆಯಬೇಡಿ. ಅದು ಸರ್ಕಾರಗಳೂ ಕಂಪನಿಗಳೂ ವ್ಯವಹಾರಕ್ಕೆ ಕೂರುವ ಜಾಗ. ಇಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಗ್ಯಾರೇಜಿನಲ್ಲಿ ಕಟ್ಟಿದ ಎರಡು ಸೀಟಿನ ವಿಮಾನದ ರೆಕ್ಕೆಯ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಒಂದು ರಿವೆಟ್ ಬಗ್ಗೆ ಕೇಳಿದರೆ ಅರ್ಧ ಗಂಟೆ ಬಿಡುವುದಿಲ್ಲ.

ಮೊದಲು 41ರ ದಾರಿ. ಹೆದ್ದಾರಿ 90ರಲ್ಲಿ ಪೂರ್ವಕ್ಕೆ ಹೋಗಿ, 294 ಹಿಡಿದು, 94ಕ್ಕೆ ಸೇರಿಕೊಂಡು ಉತ್ತರಕ್ಕೆ ನಡೆದರೆ ಕೆನೋಶಾ, ಆಮೇಲೆ ಮಿಲ್ವಾಕಿ. ಇಲಿನಾಯ್ ಮುಗಿಯುವವರೆಗೆ ಟೋಲ್, ವಿಸ್ಕಾನ್ಸಿನ್ ಗಡಿ ದಾಟಿದ ಮೇಲೆ ಒಂದು ಸೆಂಟೂ ಇಲ್ಲ. (ಟೋಲ್ ವಿಷಯದಲ್ಲಿ ಎರಡು ದಾರಿಗೂ ಪಂಚಾಯಿತಿ ಬೇಡ, 26ಕ್ಕೆ ಹೋಗುವವರೂ ರಾಕ್‌ಫರ್ಡ್ ಕಡೆ ಕಟ್ಟಲೇಬೇಕು.) ಉದ್ದಕ್ಕೂ ಅಗಲವಾದ ರಸ್ತೆ, ಹತ್ತು ಹದಿನೈದು ನಿಮಿಷಕ್ಕೊಂದು ಪೆಟ್ರೋಲ್ ಬಂಕ್, ಸ್ವಚ್ಛ ಶೌಚಾಲಯ. ಕೆನೋಶಾದಲ್ಲಿ ಹೆದ್ದಾರಿಯ ಪಕ್ಕದಲ್ಲೇ ಕೋಟೆಯ ಆಕಾರದ ಮಾರ್ಸ್ ಚೀಸ್ ಕ್ಯಾಸಲ್ ಅಂಗಡಿ ಇದೆ. ಚೀಸ್ ಕರ್ಡ್ ಎಂಬ ತಾಜಾ ಚೀಸಿನ ಸಣ್ಣ ತುಂಡು ಕಚ್ಚಿದಾಗ ಹಲ್ಲಿನ ನಡುವೆ ಕಿಚ್ ಕಿಚ್ ಎನ್ನುತ್ತದೆ, ಮಕ್ಕಳಿಗೆ ಅದೇ ಒಂದು ಆಟ.

ದಾವಣಗೆರೆಯಿಂದ ಅತ್ತೆ ಮಾವ ಬಂದಿದ್ದ ವರ್ಷ ಈ ದಾರಿಯೇ ಸರಿ ಎನಿಸಿತ್ತು. ಮಿಲ್ವಾಕಿಯಿಂದ ಸ್ವಲ್ಪ ಪಶ್ಚಿಮಕ್ಕೆ ಹೋದರೆ ಪೆವಾಕಿಯಲ್ಲಿ ಹಿಂದೂ ದೇವಾಲಯವಿದೆ, ಮಗ್ಗುಲಲ್ಲೇ ಜೈನ ಮಂದಿರವೂ ಇದೆ. ವಿಮಾನದಲ್ಲಿ ಅಂಥ ಆಸಕ್ತಿಯಿಲ್ಲದ ಮಾವನವರು ದೇವರ ದರ್ಶನವಾಯಿತಲ್ಲ ಎಂದು ಸಮಾಧಾನವಾಗಿದ್ದರು. ಮಧ್ಯಾಹ್ನ ಎರಡನೆಯ ಮಹಾಯುದ್ಧದ ಬಾಂಬರ್ ತಲೆಯ ಮೇಲೆ ಹಾರಿದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತವರೂ ಅವರೇ.

ಈ ದಾರಿಯ ತೊಂದರೆ ಮಿಲ್ವಾಕಿ. ಬೆಳಿಗ್ಗೆ ಏಳರಿಂದ ಒಂಬತ್ತರ ನಡುವೆ ಅಲ್ಲಿ ಸಿಕ್ಕಿಕೊಂಡರೆ ನಕ್ಷೆ ಹೇಳಿದ ಸಮಯಕ್ಕೆ ಅರ್ಧ ಗಂಟೆ ಸೇರಿಸಿಕೊಳ್ಳಿ. ಇಲ್ಲಿನವರ ಲೆಕ್ಕದಲ್ಲಿ ವರ್ಷಕ್ಕೆ ಎರಡೇ ಕಾಲ, ಒಂದು ಚಳಿಗಾಲ, ಇನ್ನೊಂದು ರಸ್ತೆ ರಿಪೇರಿ ಕಾಲ. ಜುಲೈ ಬರುವುದು ಎರಡನೆಯದರ ನಟ್ಟನಡುವೆ. ಅದನ್ನು ದಾಟಿ ಫಾಂಡುಲಾಕ್ ತಲುಪಿದಿರಿ ಎನ್ನಿ, ಅಲ್ಲಿಂದ ಓಷ್ಕೋಷ್ ಕೂಗಳತೆಯಲ್ಲಿದೆ. ಆದರೆ ಮೇಳಕ್ಕೆಂದು ಹೆದ್ದಾರಿ ಬಿಟ್ಟು ಇಳಿಯುವ ಜಾಗದಲ್ಲಿ ಉತ್ತರ ದಕ್ಷಿಣಗಳೆರಡರಿಂದಲೂ ಬಂದ ಕಾರುಗಳೆಲ್ಲ ಒಂದೇ ಇಳಿಜಾರಿಗೆ ಮುಗಿಬಿದ್ದು, ಮದುವೆ ಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾದವರಂತೆ ನಿಂತಿರುತ್ತವೆ. ಇದಕ್ಕೊಂದು ಉಪಾಯವಿದೆ. ಫಾಂಡುಲಾಕ್‌ನಲ್ಲೇ 41 ಬಿಟ್ಟು ಹಳೆಯ ಹೆದ್ದಾರಿ 45 ಹಿಡಿಯಿರಿ. ವಿನ್ನೆಬಾಗೊ ಸರೋವರದ ದಂಡೆಯ ಪಕ್ಕದಲ್ಲೇ ಸಾಗುವ ಈ ರಸ್ತೆ ನಿಧಾನ, ಆದರೆ ನಿಲ್ಲುವುದಿಲ್ಲ. ಸರೋವರದ ತೀರದಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳಿಗೆಂದೇ ಬೇರೆ ನೆಲೆಯಿದೆ. ಮೇಳದ ಗದ್ದಲಕ್ಕೆ ಧುಮುಕುವ ಮೊದಲು ಮರದ ನೆರಳಿನಲ್ಲಿ ಅವನ್ನು ನೋಡುತ್ತಾ ಕೂರುವುದು ನನ್ನ ಹೆಂಡತಿಗೆ ಇಡೀ ಮೇಳಕ್ಕಿಂತ ಹೆಚ್ಚು ಇಷ್ಟ.

ಈಗ 26. ಇದರ ಕಥೆ ರಾಕ್‌ಫರ್ಡ್‌ನಿಂದಲೇ ಶುರುವಾಗುತ್ತದೆ. 1959ರಿಂದ 1969ರವರೆಗೆ ಈ ಕೂಟ ನಡೆದದ್ದು ಇದೇ ಊರಿನಲ್ಲಿ. ಜಾಗ ಸಾಲದಾದಾಗ 1970ರಲ್ಲಿ ಓಷ್ಕೋಷ್‌ಗೆ ಹೋಯಿತು. ರಾಕ್‌ಫರ್ಡ್‌ಗೆ ಮೇಳದ ನಂಟು ಪೂರ್ತಿ ಕಡಿದಿಲ್ಲ. ಬೀಚ್‌ಕ್ರಾಫ್ಟ್ ಬೊನಾಂಜಾ ವಿಮಾನಗಳ ಮಾಲೀಕರು ಮೇಳಕ್ಕೆ ಮುಂಚಿನ ಶನಿವಾರ ಇಲ್ಲಿ ಸೇರಿ, ಗುಂಪು ಕಟ್ಟಿಕೊಂಡು ಒಟ್ಟಿಗೆ ಓಷ್ಕೋಷ್‌ಗೆ ಹಾರುತ್ತಾರೆ. ಬೆಲೋಯಿಟ್ ದಾಟಿ ಜೇನ್ಸ್‌ವಿಲ್‌ನಲ್ಲಿ 26ಕ್ಕೆ ತಿರುಗಿದರೆ ಮಿಲ್ಟನ್, ಫೋರ್ಟ್ ಆಟ್‌ಕಿನ್ಸನ್, ಜೆಫರ್ಸನ್, ವಾಟರ್‌ಟೌನ್ ಊರುಗಳನ್ನು ಬಳಸಿಕೊಂಡು ಹೋಗುವ ಚತುಷ್ಪಥ ರಸ್ತೆ. ಕಾರುಗಳು ವಿರಳ.

ವಾಟರ್‌ಟೌನ್ ಹಿಂದೆ ಬಿದ್ದ ಮೇಲೆ ರಸ್ತೆ ಕಿರಿದಾಗಿ ಎರಡೇ ಲೇನ್ ಆಗುತ್ತದೆ. ಎರಡೂ ಬದಿಗೆ ಆಳೆತ್ತರದ ಮೆಕ್ಕೆಜೋಳ, ಕೆಂಪು ಬಣ್ಣದ ಕೊಟ್ಟಿಗೆಗಳು, ಮುಂದೊಂದು ಹಾಲಿನ ಟ್ಯಾಂಕರ್. ಆ ಟ್ಯಾಂಕರ್‌ನ ಹಿಂದೆ ಗಂಟೆಗೆ 50 ಮೈಲಿಯಲ್ಲಿ ತೆವಳುವುದು ಈ ದಾರಿಯ ಸುಂಕ. ಹಿಂದಿಕ್ಕಲು ಹೋಗಬೇಡಿ, ಎದುರಿನಿಂದ ಟ್ರ್ಯಾಕ್ಟರ್ ಬರುತ್ತಿರುತ್ತದೆ. ವಾಪನ್ ಊರಿನ ಹತ್ತಿರ ಹೊರಿಕನ್ ಜೌಗುಪ್ರದೇಶ; ವಲಸೆ ಹೆಬ್ಬಾತುಗಳಿಗೆ ಹೆಸರಾದ ಜಾಗ, ಆದರೆ ಅದರ ಕಾಲ ಶರದೃತು. ಮುಂದಿನದು ರೋಸೆಂಡೇಲ್. ಇಲ್ಲಿ ಫಲಕದಲ್ಲಿ ಬರೆದ ವೇಗಕ್ಕೆ ಒಂದು ಮೈಲಿಯೂ ಸೇರಿಸಬೇಡಿ. ಈ ಪುಟ್ಟ ಊರಿನ ವೇಗ ತಪಾಸಣೆ ವಿಸ್ಕಾನ್ಸಿನ್‌ನ ಉದ್ದಗಲಕ್ಕೂ ಮನೆಮಾತು.

ಇಷ್ಟು ಕಷ್ಟಪಟ್ಟು ಇತ್ತ ಏಕೆ ಬರಬೇಕು ಎಂದರೆ, ರೋಸೆಂಡೇಲ್‌ನಿಂದ ಪಶ್ಚಿಮಕ್ಕೆ ರಿಪನ್ ಇದೆ. 1854ರಲ್ಲಿ ಇಲ್ಲಿನ ಸಣ್ಣ ಬಿಳಿಯ ಶಾಲೆಯೊಂದರಲ್ಲಿ ನಡೆದ ಸಭೆಯನ್ನು ರಿಪಬ್ಲಿಕನ್ ಪಕ್ಷದ ಹುಟ್ಟು ಎಂದು ಊರವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮಗೆ ಬೇಕಾದದ್ದು ಆ ಊರಿನ ಮೇಲಿನ ಆಕಾಶ. ಓಷ್ಕೋಷ್‌ಗೆ ಬರುವ ಸಣ್ಣ ವಿಮಾನಗಳು ರಿಪನ್ ಮೇಲೆ ಸೇರಿ, ರೈಲು ಹಳಿಯ ಗುರುತು ಹಿಡಿದು, 90 ನಾಟ್ ವೇಗದಲ್ಲಿ, ಸಮುದ್ರಮಟ್ಟದಿಂದ 1800 ಅಡಿ ಎತ್ತರದಲ್ಲಿ, ಒಂದರ ಹಿಂದೆ ಒಂದಾಗಿ ಫಿಸ್ಕ್ ಎಂಬ ಹಳ್ಳಿಯತ್ತ ಬರುತ್ತವೆ. ಅಲ್ಲಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 800 ಅಡಿ ಎತ್ತರದಲ್ಲಿರುವುದರಿಂದ ನಮ್ಮ ತಲೆಯಿಂದ ಅವು ಸಾವಿರ ಅಡಿಯಷ್ಟೇ ಮೇಲೆ. ಫಿಸ್ಕ್‌ನಲ್ಲಿ ವಿಮಾನ ಸಂಚಾರ ನಿಯಂತ್ರಕರು ಬೈನಾಕ್ಯುಲರ್ ಹಿಡಿದು ನಿಂತಿರುತ್ತಾರೆ. ವಿಮಾನದ ನೋಂದಣಿ ಸಂಖ್ಯೆ ಕೇಳುವಷ್ಟು ವ್ಯವಧಾನ ಅವರಿಗಿಲ್ಲ. ಬಣ್ಣ ನೋಡಿ, ರೆಕ್ಕೆ ಮೇಲಿದೆಯೋ ಕೆಳಗಿದೆಯೋ ನೋಡಿ ಕರೆಯುತ್ತಾರೆ. ಪೈಲಟ್ ಬಾಯಿ ತೆರೆಯುವಂತಿಲ್ಲ, ಕೇಳಿಸಿತು ಎಂದು ತಿಳಿಸಲು ರೆಕ್ಕೆ ಆಡಿಸಬೇಕು.

ನಿಯಂತ್ರಕರ ಮಾತು ಕೇಳಿಸುವ, ಕೈಯಲ್ಲಿ ಹಿಡಿಯುವ ಏರ್‌ಬ್ಯಾಂಡ್ ರೇಡಿಯೋ ಇದ್ದರೆ 120.7 ಮೆಗಾಹರ್ಟ್ಸ್‌ಗೆ ತಿರುಗಿಸಿ, ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ, ಕೆಳಗಿಳಿಯಿರಿ. ಮೇಳಕ್ಕೆ ಮುಂಚಿನ ಭಾನುವಾರ ನಾವು ಹಾಗೆ ನಿಂತಿದ್ದಾಗ ರೇಡಿಯೋ ಮಗಳ ಕೈಯಲ್ಲಿತ್ತು. "ಅಪ್ಪಾ, ಹಳದಿ ವಿಮಾನಕ್ಕೆ ರೆಕ್ಕೆ ಆಡಿಸಲು ಹೇಳುತ್ತಿದ್ದಾರೆ" ಎಂದಳು. ತಲೆಯೆತ್ತಿದರೆ ಹಳದಿ ಬಣ್ಣದ ಪೈಪರ್ ಕಬ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿತು. "ಚೆನ್ನಾಗಿದೆ, ಮುಂದುವರಿಯಿರಿ" ಎಂಬ ಧಾಟಿಯ ಉತ್ತರ ಬಂತು. ಅದರ ಬೆನ್ನಿಗೆ ಬಿಳಿ ಸೆಸ್ನಾ, ಅದರ ಬೆನ್ನಿಗೆ ನೀಲಿಯದು. ಟಿಕೆಟ್ ಇಲ್ಲ, ಸರತಿ ಇಲ್ಲ. ಹೀಗೆ ಇಳಿಯಲು ಹೋದ ವಿಮಾನಗಳಿಗೆ ರನ್‌ವೇ ಮೇಲೆ ಬೇರೆ ಬೇರೆ ಬಣ್ಣದ ದೊಡ್ಡ ಚುಕ್ಕಿಗಳಿರುತ್ತವೆ. ಒಬ್ಬರಿಗೆ ಹಸಿರು, ಇನ್ನೊಬ್ಬರಿಗೆ ಕಿತ್ತಳೆ ಎಂದು ಹಂಚಿಕೊಟ್ಟು ಒಂದೇ ರನ್‌ವೇಯಲ್ಲಿ ಒಟ್ಟಿಗೆ ಇಳಿಸುತ್ತಾರೆ. 41ರಲ್ಲಿ ಬಂದವರಿಗೆ ದಾರಿಯಲ್ಲಿ ಇಂಥದ್ದೇನೂ ಸಿಗುವುದಿಲ್ಲ. ರಿಪನ್‌ನಿಂದ ಹೆದ್ದಾರಿ 44 ಹಿಡಿದರೆ ನೇರ ಓಷ್ಕೋಷ್. ಈ ಸುತ್ತಿಗೆ ಅರ್ಧ ಗಂಟೆ ಹೆಚ್ಚು ಬೇಕು, ನಿಂತು ನೋಡುವ ಹೊತ್ತು ಬೇರೆ.

ಇನ್ನು ವಸತಿಯ ಮಾತು. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವ ಯೋಜನೆಯನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಆರು ಗಂಟೆ ಸ್ಟಿಯರಿಂಗ್ ಹಿಡಿದು, ಬಿಸಿಲಿನಲ್ಲಿ ಮೈಲಿಗಟ್ಟಲೆ ನಡೆದು, ಮಧ್ಯಾಹ್ನದ ಹಾರಾಟ ಪ್ರದರ್ಶನ ಮುಗಿದೊಡನೆ ಎಲ್ಲರ ಜೊತೆ ಪಾರ್ಕಿಂಗ್ ಹುಲ್ಲುಗಾವಲಿನಲ್ಲಿ ಸಿಕ್ಕಿಬೀಳುವುದು ಶಿಕ್ಷೆ. ಬುಧವಾರ ಮತ್ತು ಶನಿವಾರದ ರಾತ್ರಿ ಪ್ರದರ್ಶನವಂತೂ ದಕ್ಕುವುದೇ ಇಲ್ಲ. ಓಷ್ಕೋಷ್‌ನ ಹೋಟೆಲುಗಳು ಬಹಳ ಮೊದಲೇ ಭರ್ತಿಯಾಗಿರುತ್ತವೆ, ಬಾಡಿಗೆಯೂ ಆ ವಾರಕ್ಕೆ ಮೈಮರೆತಿರುತ್ತದೆ. ಆಪಲ್‌ಟನ್‌ನಲ್ಲೋ ಫಾಂಡುಲಾಕ್‌ನಲ್ಲೋ ಉಳಿದರೆ ಹಣ ಸ್ವಲ್ಪ ಉಳಿಯುತ್ತದೆ, ಆದರೆ ದಿನಾ ಬೆಳಿಗ್ಗೆ ಅದೇ 41ರ ಸರತಿ.

ಉಳಿದವು ಎರಡು: ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಓಷ್ಕೋಷ್ ಹಾಸ್ಟೆಲ್ ಕೋಣೆ, ಇಲ್ಲವೇ ಮೇಳದ ಪಕ್ಕದಲ್ಲೇ ಇರುವ ಕ್ಯಾಂಪ್ ಸ್ಕಾಲರ್‌ನಲ್ಲಿ ಡೇರೆ. ಹಾಸ್ಟೆಲಿನಲ್ಲಿ ಗಟ್ಟಿ ಚಾವಣಿ, ಕಿರಿದಾದ ಮಂಚ, ವಿದ್ಯಾರ್ಥಿ ಜೀವನದ ಕೈದು ಮತ್ತೊಮ್ಮೆ. ವಯಸ್ಸಾದವರು ಜೊತೆಗಿದ್ದರೆ ಇದೇ ಆಗಲಿ. ಡೇರೆಯಲ್ಲಿ ಸ್ನಾನಕ್ಕೆ ಸರತಿ, ನೆಲದ ತೇವ, ಅಕ್ಕಪಕ್ಕದವರ ಗೊರಕೆ. ಹೆಚ್ಚಿನ ಜಾಗಕ್ಕೆ ಕಾಯ್ದಿರಿಸುವ ಪದ್ಧತಿಯಿಲ್ಲ, ಮೊದಲು ಬಂದವರಿಗೆ ಮೊದಲು. ಹಾಗಿದ್ದೂ ನನ್ನ ಮತ ಡೇರೆಗೇ. ಕಾರನ್ನು ಒಮ್ಮೆ ನಿಲ್ಲಿಸಿದರೆ ಮರಳುವವರೆಗೆ ಬೀಗದ ಕೈ ಮುಟ್ಟಬೇಕಿಲ್ಲ. ಸಸ್ಯಾಹಾರಿಗಳಿಗೆ ಮೈದಾನದೊಳಗೆ ಸಿಗುವುದು ಕರಿದ ಚೀಸ್, ಬೇಯಿಸಿದ ಜೋಳದ ತೆನೆ, ಐಸ್‌ಕ್ರೀಮು. ಎರಡನೆಯ ದಿನಕ್ಕೆ ನಾಲಿಗೆ ಮುಷ್ಕರ ಹೂಡುತ್ತದೆ. ಡೇರೆಯ ಮುಂದೆ ಸಣ್ಣ ಸ್ಟೌ ಹಚ್ಚಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದರೆ, ಇಂಗಿನ ವಾಸನೆಗೆ ಪಕ್ಕದ ಡೇರೆಯ ಟೆಕ್ಸಸ್‌ನವರು ತಟ್ಟೆ ಹಿಡಿದು ಬಂದದ್ದೂ ಉಂಟು.

ಮಳೆಯ ಎಚ್ಚರಿಕೆ ಮಾತ್ರ ಬಿಡಬೇಡಿ. 2010ರಲ್ಲಿ ಮೇಳಕ್ಕೆ ಮುನ್ನ ಸುರಿದ ಮಳೆಗೆ ಹುಲ್ಲುಗಾವಲುಗಳೆಲ್ಲ ಕೆಸರಾಗಿ, ಬಂದ ವಿಮಾನಗಳನ್ನೂ ಡೇರೆಯವರನ್ನೂ ನಿಲ್ಲಿಸಲು ಜಾಗವಿಲ್ಲದಾಯಿತು. ಆ ವರ್ಷಕ್ಕೆ ಜನ ಇಟ್ಟ ಅಡ್ಡಹೆಸರು ಸ್ಲೋಷ್‌ಕೋಷ್. ಹೊರಡುವ ಮುನ್ನಾದಿನ ಗುಡುಗುಮಳೆಯ ಸೂಚನೆ ಜೋರಾಗಿದ್ದರೆ ಒಂದು ದಿನ ತಡವಾಗಿ ಹೊರಡಿ, ಇಲ್ಲವೇ ಹಾಸ್ಟೆಲಿಗೆ ಫೋನ್ ಮಾಡಿ.

ಮರಳುವಾಗ 26 ಬೇಡ. ಸಂಜೆಯಾದ ಮೇಲೆ ಜೋಳದ ಹೊಲದಿಂದ ಜಿಂಕೆ ಯಾವಾಗ ರಸ್ತೆಗೆ ಹಾರುತ್ತದೆ ಎಂದು ಹೇಳಲಾಗದು, ದಣಿದ ಕಣ್ಣಿಗೆ ಎರಡು ಲೇನಿನ ಕತ್ತಲ ರಸ್ತೆ ಒಗ್ಗುವುದಿಲ್ಲ, ಆಕಾಶದಲ್ಲಿ ನೋಡಲೂ ಏನಿರುವುದಿಲ್ಲ. 41ರಲ್ಲಿ ಕಾಫಿ ಸಿಗುತ್ತದೆ, ನಿದ್ದೆ ಬಂದರೆ ನಿಲ್ಲಿಸಲು ಬೆಳಕಿರುವ ಜಾಗ ಸಿಗುತ್ತದೆ. ಡೇರೆಯವರು ಬೆಳಿಗ್ಗೆ ಒಂಬತ್ತರ ನಂತರ ಹೊರಟರೆ ಮಿಲ್ವಾಕಿಯ ಕಚೇರಿ ಹೊತ್ತು ಮುಗಿದಿರುತ್ತದೆ. ಭಾನುವಾರ ಮಧ್ಯಾಹ್ನ ಮಾತ್ರ ಹೊರಡಬೇಡಿ. ಉತ್ತರದ ಸರೋವರಗಳಿಗೆ ವಾರಾಂತ್ಯ ಕಳೆಯಲು ಹೋದ ಶಿಕಾಗೋದವರೆಲ್ಲ ಆಗಲೇ ದೋಣಿಗಳನ್ನು ಎಳೆದುಕೊಂಡು ಮನೆಗೆ ಹೊರಟಿರುತ್ತಾರೆ.