1033 ಹೆದ್ದಾರಿ ಗಸ್ತು: ಕೆಲಸಕ್ಕೆ ಪೂರ್ತಿ ಅಂಕ, ಕೊಟ್ಟ ಅಧಿಕಾರಕ್ಕೆ ಸೊನ್ನೆ

ದಾವಣಗೆರೆಯ ಭಟ್ಟಿಗಳಿಂದ ಮಂಡಕ್ಕಿ ತುಂಬಿಕೊಂಡು ಚಿತ್ರದುರ್ಗ, ಹಿರಿಯೂರಿನ ಅಂಗಡಿಗಳಿಗೆ ಹಾಕುವುದು ನನ್ನ ಕಸುಬು. ಸಣ್ಣ ಗೂಡ್ಸ್ ಗಾಡಿ ಇದೆ, ನಾನೇ ಓಡಿಸುತ್ತೇನೆ. ಹೋಟೆಲ್, ಬಟ್ಟೆ ಅಂಗಡಿ, ಗ್ಯಾರೇಜ್ ಬಗ್ಗೆ ರಿವ್ಯೂ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಗಾಡಿ ಹಿಂದೆ ಕೆಂಪು ಬಾವುಟ ಹಿಡಿದು ನಿಲ್ಲುವ ಹುಡುಗರ ಬಗ್ಗೆ ಯಾರೂ ಬರೆದಿದ್ದು ನಾನು ನೋಡಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸೇವೆ ಚೆನ್ನಾಗಿದೆ. ಬರುವ ಹುಡುಗರು ಜೀವ ಪಣಕ್ಕಿಟ್ಟು ಕೆಲಸ ಮಾಡುತ್ತಾರೆ. ಆದರೆ ಒಂದು ಗಾಡಿಯನ್ನು ‘ನಿಲ್ಲಿಸು’ ಎಂದು ಹೇಳುವ ಅಧಿಕಾರ ಅವರಿಗೆ ಇಲ್ಲ. ಅದು ನಮ್ಮ ಚಾಲಕರಿಗೆ ಚೆನ್ನಾಗಿ ಗೊತ್ತಿದೆ. ಅಲ್ಲೇ ಎಲ್ಲಾ ಕೆಡುತ್ತಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. 1033 ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕರೆಗೆ ದುಡ್ಡಿಲ್ಲ. ಫೋನ್ ಮಾಡಿದರೆ ಆ ಭಾಗದ ಗಸ್ತು ಗಾಡಿ, ಕ್ರೇನ್, ಆಂಬುಲೆನ್ಸ್, ಯಾವುದು ಬೇಕೋ ಅದನ್ನು ಕಳಿಸುತ್ತಾರೆ. ನಮ್ಮದು 48ನೇ ನಂಬರ್ ಹೆದ್ದಾರಿ. ಹಳಬರು ಈಗಲೂ ಎನ್‌ಎಚ್ 4 ಅಂತಲೇ ಕರೆಯುತ್ತಾರೆ. ಬೆಂಗಳೂರು, ತುಮಕೂರು, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ ಎಲ್ಲಾ ಇದೇ ರಸ್ತೆಯಲ್ಲಿ ಬರುತ್ತವೆ. ಮುಂಬೈ ಕಡೆ ಹೋಗುವ ಕಂಟೇನರ್, ರಾತ್ರಿ ಬಸ್ಸು, ನಮ್ಮ ಮೆಕ್ಕೆಜೋಳದ ಲಾರಿ, ಹುಲ್ಲು ತುಂಬಿದ ಟ್ರ್ಯಾಕ್ಟರ್, ಎಲ್ಲಾ ಒಂದೇ ರಸ್ತೆ ಮೇಲೆ.

ನನಗೆ ಈ ಸೇವೆ ಬೇಕಾಗಿದ್ದು ಆಷಾಢದಲ್ಲಿ. ಮಂಡಕ್ಕಿ ಮೂಟೆ ತೂಕ ಕಡಿಮೆ, ಎತ್ತರ ಜಾಸ್ತಿ. ಆಷಾಢದ ಗಾಳಿಗೆ ಲೋಡ್ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ಹಾಕಿಲ್ಲ ಎನ್ನುವುದು ಆ ತಿಂಗಳಲ್ಲಿ ಸ್ಟೇರಿಂಗ್ ಹಿಡಿದವನಿಗೆ ಗೊತ್ತಾಗುತ್ತದೆ. ಭರಮಸಾಗರ ದಾಟಿದ ಮೇಲೆ ದೀಪ ಹಚ್ಚುವ ಹೊತ್ತಿಗೆ ಹಿಂದಿನ ಆಕ್ಸಲ್ ಕಟ್ ಆಯಿತು. ಅರ್ಧ ಗಾಡಿ ಪಕ್ಕದ ಪಟ್ಟಿಯಲ್ಲಿ, ಅರ್ಧ ಎಡಗಡೆ ಲೇನ್‌ನಲ್ಲಿ. ಎಷ್ಟು ತಳ್ಳಿದರೂ ಅಲುಗಾಡಲಿಲ್ಲ.

1033ಕ್ಕೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು ಕಿಲೋಮೀಟರ್ ಕಲ್ಲಿನ ನಂಬರ್, ಆಮೇಲೆ ಯಾವ ಕಡೆ ಮುಖ, ಬೆಂಗಳೂರು ಕಡೆನಾ ಹುಬ್ಬಳ್ಳಿ ಕಡೆನಾ ಅಂತ. ಯಾರಿಗಾದರೂ ಪೆಟ್ಟಾಗಿದೆಯಾ ಎಂದೂ ಕೇಳಿದರು. ನಾನಂದುಕೊಂಡಿದ್ದಕ್ಕಿಂತ ಬೇಗ ಗಸ್ತು ಗಾಡಿ ಬಂತು. ಇಬ್ಬರು ಹುಡುಗರು. ಬಂದವರೇ ನನ್ನನ್ನು ತಡೆಬೇಲಿ ಆಚೆ ಹೋಗಿ ನಿಲ್ಲಲು ಹೇಳಿದರು. ಮುರಿದ ಆಕ್ಸಲ್ ಕಡೆ ಆಮೇಲೆ ನೋಡಿದ್ದು. ಮೊದಲು ಹಿಂದಕ್ಕೆ ದೂರ ಹೋಗಿ, ಅಲ್ಲಿಂದ ಓರೆಯಾಗಿ ಕೋನ್ ಇಡುತ್ತಾ ಬಂದರು. ಮಿನುಗುವ ಬಾಣದ ದೀಪ ಹಾಕಿದರು. ಒಬ್ಬ ಬಾವುಟ ಹಿಡಿದು ಹಿಂದೆಯೇ ನಿಂತ. ಇನ್ನೊಬ್ಬ ಕ್ರೇನ್‌ಗೆ ಫೋನ್ ಮಾಡಿದ. ಕೆಲಸ ಬಲ್ಲವರ ಕೈ ಅದು, ನೋಡಿದರೇ ಗೊತ್ತಾಗುತ್ತಿತ್ತು. ನನ್ನ ಹತ್ತಿರ ಒಂದು ರೂಪಾಯಿ ಕೇಳಲಿಲ್ಲ.

ಇನ್ನು ಬರುವ ಗಾಡಿಗಳ ವಿಷಯ. ಬಾವುಟ ಬೀಸುತ್ತಿದ್ದ ಹುಡುಗನನ್ನು ನೋಡಿ ವೇಗ ಇಳಿಸಿದವರು ಬಹಳ ಕಡಿಮೆ. ಕಾರುಗಳು ಹಾರ್ನ್ ಹೊಡೆಯುತ್ತಾ ಕೋನ್ ಪಕ್ಕದಲ್ಲೇ ಉಜ್ಜಿಕೊಂಡು ಹೋದವು. ಒಂದು ಕಾರು ಒಂದು ಕೋನನ್ನು ಎತ್ತಿ ಎಸೆದೇ ಹೋಯಿತು. ಇನ್ನೊಂದು ಕಾರಿನವನು ಕಿಟಕಿ ಇಳಿಸಿ ‘ನೀನ್ಯಾರೋ, ಪೊಲೀಸಾ?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟ. ಲಾರಿಯವರು ಪರವಾಗಿಲ್ಲ. ತಾವೂ ಎಂದೋ ಹೀಗೆ ನಿಂತವರು, ಆ ಕಷ್ಟ ಗೊತ್ತು. ದೂರದಿಂದಲೇ ಬಲಕ್ಕೆ ಸರಿದರು. ಒಬ್ಬ ಲಾರಿ ಡ್ರೈವರ್ ತನ್ನ ನಾಲ್ಕೂ ಇಂಡಿಕೇಟರ್ ಹಾಕಿ ಹಿಂದಿನವರಿಗೂ ಎಚ್ಚರ ಕೊಟ್ಟ. ಅವನಿಗೆ ಪುಣ್ಯ ಬರಲಿ.

ಸ್ವಲ್ಪ ಹೊತ್ತಿಗೆ ಪೊಲೀಸ್ ಗಾಡಿ ಬಂತು. ಕೆಂಪು ನೀಲಿ ದೀಪ, ಖಾಕಿ ತೊಟ್ಟ ಇಬ್ಬರು. ಅವರು ಕೆಳಗಿಳಿದು ಕೈ ಎತ್ತಿದರು, ಅಷ್ಟೇ. ದೂರದಿಂದಲೇ ಬ್ರೇಕ್ ದೀಪಗಳು ಸಾಲಾಗಿ ಹೊತ್ತಿಕೊಂಡವು. ಎಲ್ಲರೂ ಸಾಲಿಗೆ ಬಂದರು, ಯಾರೂ ಹಾರ್ನ್ ಹೊಡೆಯಲಿಲ್ಲ. ಕೋನ್ ಅವೇ, ಕತ್ತಲೆ ಅದೇ, ಅಡ್ಡ ನಿಂತ ಗಾಡಿಯೂ ಅದೇ. ಬಾವುಟದ ಹುಡುಗನ ಮೈಮೇಲೆ ಖಾಕಿ ಇರಲಿಲ್ಲ ಎನ್ನುವುದೊಂದೇ ವ್ಯತ್ಯಾಸ. ನನಗೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆ ಹುಡುಗನಿಗೂ ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ ಅಲ್ವಾ?

ಆಮೇಲೆ ಕಾನೂನು ಏನು ಹೇಳುತ್ತದೆ ಎಂದು ಓದಿದೆ, ಗೊತ್ತಿರುವ ವಕೀಲರ ಹತ್ತಿರ ಕೇಳಿಯೂ ನೋಡಿದೆ. 1988ರ ಮೋಟಾರು ವಾಹನ ಕಾಯ್ದೆಯ 119ನೇ ಸೆಕ್ಷನ್ ಪ್ರಕಾರ, ಸಂಚಾರ ನೋಡಿಕೊಳ್ಳುತ್ತಿರುವ ಪೊಲೀಸರು ಹೇಳಿದ್ದನ್ನು ಚಾಲಕ ಕೇಳಲೇಬೇಕು. 130ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಬೇಕು. ಗಾಡಿಯಿಂದ ಅಪಘಾತ ಆಗಿದ್ದರೆ, ಸಬ್ ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರು ಹೇಳಿದಾಗ ನಿಲ್ಲಿಸಬೇಕು, ಅದು 132. ಅಧಿಕಾರ ಇರುವವರ ಆದೇಶ ಮೀರಿದರೆ 179ನೇ ಸೆಕ್ಷನ್‌ನಲ್ಲಿ ದಂಡ. ಮೊದಲು 500 ರೂಪಾಯಿವರೆಗೆ ಇತ್ತು, 2019ರ ತಿದ್ದುಪಡಿಯಲ್ಲಿ 2,000 ರೂಪಾಯಿವರೆಗೆ ಏರಿತು. ಆಂಬುಲೆನ್ಸ್, ಅಗ್ನಿಶಾಮಕ ಗಾಡಿಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಇದರಲ್ಲೆಲ್ಲೂ ನಮ್ಮ ಬಾವುಟದ ಹುಡುಗ ಇಲ್ಲ. ಹೆದ್ದಾರಿಗಳಿಗೆಂದೇ 2002ರಲ್ಲಿ ಇನ್ನೊಂದು ಕಾಯ್ದೆ ಬಂದಿದೆ. ರಸ್ತೆಯಲ್ಲಿ ಅಪಾಯ ಆಗುವ ಹಾಗೆ ಬಿಟ್ಟ ಗಾಡಿ ತೆಗೆಸುವ ಅಧಿಕಾರ ಅದರಲ್ಲಿ ಹೆದ್ದಾರಿ ಆಡಳಿತಕ್ಕೆ ಇದೆ. ಆದರೆ ಅದು ಆಡಳಿತಕ್ಕೆ ಕೊಟ್ಟದ್ದು. ಗುತ್ತಿಗೆಯಲ್ಲಿ ಸಂಬಳ ತೆಗೆದುಕೊಂಡು ರಾತ್ರಿ ರಸ್ತೆಯಲ್ಲಿ ನಿಲ್ಲುವವನ ಕೈ ಸನ್ನೆಗೆ ಅದರಿಂದ ಬಲ ಬರಲಿಲ್ಲ. ಎದುರು ದಿಕ್ಕಿನಿಂದ ಬರುವ ಬೈಕ್, ಹಿಂದೆ ಒಂದು ರಿಫ್ಲೆಕ್ಟರ್ ಕೂಡ ಇಲ್ಲದ ಟ್ರ್ಯಾಕ್ಟರ್, ಇವು ಗಸ್ತಿನವರ ಕಣ್ಣ ಮುಂದೆಯೇ ಹೋಗುತ್ತವೆ. ಅವರು ಕೂಗಿ ಹೇಳಬಹುದು, ಫೋನ್ ಮಾಡಬಹುದು. ತಡೆಯುವ ಹಾಗಿಲ್ಲ.

ಚಾಲಕರು ಯಾಕೆ ಹೀಗೆ? ನಮ್ಮ ಭಟ್ಟಿ ಹತ್ತಿರ ಲೋಡ್‌ಗೆ ಕಾಯುವ ಡ್ರೈವರ್‌ಗಳ ಜೊತೆ ಇದನ್ನೇ ಮಾತಾಡಿದೆ. ಅವರು ಹೇಳಿದ್ದರಲ್ಲಿ ಎರಡು ಕಾರಣ ನನಗೆ ಸರಿ ಅನಿಸಿತು, ಅದನ್ನು ಮುಚ್ಚಿಡಬಾರದು.

ಒಂದು, ಕಳ್ಳರ ಭಯ. ರಿಫ್ಲೆಕ್ಟರ್ ಜಾಕೆಟ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಬೇಕಾದರೂ ಸಿಗುತ್ತದೆ. ರಾತ್ರಿ ಹೊತ್ತು ಯಾರೋ ಕೈ ತೋರಿಸಿದ ಎಂದು ನಿಲ್ಲಿಸಿದರೆ ಡೀಸೆಲ್ ಹೋಗಬಹುದು, ದುಡ್ಡು ಹೋಗಬಹುದು, ಜೀವವೇ ಹೋಗಬಹುದು. ಕುಟುಂಬ ಸಮೇತ ಹೋಗುವ ಕಾರಿನವರಿಗೂ ಇದೇ ಹೆದರಿಕೆ. ಇದು ಸುಳ್ಳು ಭಯ ಅಂತ ನಾನು ಹೇಳಲಾರೆ.

ಎರಡು, ‘ಕೈ ಅಡ್ಡ ಬಂತು ಅಂದರೆ ಜೇಬಿಗೆ ಕತ್ತರಿ’ ಎನ್ನುವ ಹಳೇ ಅನುಭವ. ನಿಲ್ಲಿಸುವುದು ಅಂದರೆ ದಾಖಲೆ ನೋಡುವುದು, ದಂಡ ಹಾಕುವುದು, ಕೀ ಕಿತ್ತುಕೊಳ್ಳುವುದು ಎಂದೇ ಜನರ ತಲೆಯಲ್ಲಿ ಕೂತಿದೆ. ಮುಂದೆ ಅಪಾಯ ಇದೆ, ನಿನ್ನ ಜೀವ ಉಳಿಸಲು ನಿಲ್ಲಿಸುತ್ತಿದ್ದೇನೆ ಎಂದು ಯಾರೂ ಅಂದುಕೊಳ್ಳುವುದಿಲ್ಲ. 2025ರ ಮೇನಲ್ಲಿ ಮಂಡ್ಯದಲ್ಲಿ ನಡೆದದ್ದು ಎಲ್ಲರಿಗೂ ನೆನಪಿದೆ. ನಾಯಿ ಕಚ್ಚಿದ ಪುಟ್ಟ ಮಗುವನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ ಹೆಲ್ಮೆಟ್ ತಪಾಸಣೆಗೆ ತಡೆದರು, ಮಗು ಕೆಳಗೆ ಬಿದ್ದು ಲಾರಿಗೆ ಸಿಕ್ಕಿ ಸತ್ತಿತು. ಅದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಸೂಚನೆ ಹೊರಡಿಸಿದರು. ಕಣ್ಣಿಗೆ ಕಾಣುವ ತಪ್ಪು ಇಲ್ಲದೆ ದಾಖಲೆಗಾಗಿ ಗಾಡಿ ತಡೆಯಬೇಡಿ ಎನ್ನುವುದು ಅದರ ಮುಖ್ಯ ಮಾತು. ಅದು ಬೇಕಾಗಿತ್ತು. ಆದರೆ ದಂಡಕ್ಕಾಗಿ ತಡೆಯುವುದೂ ಅಪಾಯ ಇದೆ ಎಂದು ತಡೆಯುವುದೂ ಬೇರೆ ಬೇರೆ. ನಮ್ಮ ಜನ ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದಾರೆ.

ಉಳಿದ ಕಾರಣಗಳು ಬರೀ ನೆಪ. ‘ಟೈಮ್ ಆಗುತ್ತೆ’, ‘ಟೋಲ್ ಕಟ್ಟಿದ್ದೀನಿ’, ‘ಅವನು ಫೈನ್ ಹಾಕೋಕೆ ಆಗಲ್ಲ’. ಕೊನೆಯದನ್ನು ಕೇಳಿದಾಗ ತುಂಬಾ ಬೇಜಾರಾಯಿತು. ಫೈನ್ ಹಾಕಲಾರದವನ ಮಾತಿಗೆ ಬೆಲೆ ಇಲ್ಲ ಎಂದರೆ ಏನು ಹೇಳುವುದು?

ನಮ್ಮ ಅಕ್ಕನ ಮಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾನೆ. ಅವನಿಗೆ ಇದನ್ನೆಲ್ಲಾ ಹೇಳಿದಾಗ ಅಲ್ಲಿಯ ಪದ್ಧತಿ ವಿವರಿಸಿದ. ಅಲ್ಲಿ ಮೋಟಾರ್‌ವೇಗಳಲ್ಲಿ ಟ್ರಾಫಿಕ್ ಆಫೀಸರ್ ಅಂತ ಬೇರೆಯೇ ಸಿಬ್ಬಂದಿ ಇದ್ದಾರೆ. ಅವರು ಪೊಲೀಸರಲ್ಲ, ಹೆದ್ದಾರಿ ಸಂಸ್ಥೆಯವರು. 2004ರಲ್ಲಿ ಅವನಿರುವ ಕಡೆಯೇ ಮೊದಲು ಶುರುವಾಯಿತು. ಅದೇ ವರ್ಷ ಬಂದ ಸಂಚಾರ ನಿರ್ವಹಣೆ ಕಾಯ್ದೆ ಅವರಿಗೆ ಗಾಡಿ ನಿಲ್ಲಿಸುವ, ಬೇರೆ ಕಡೆ ತಿರುಗಿಸುವ, ಲೇನ್ ಮುಚ್ಚುವ ಅಧಿಕಾರ ಕೊಟ್ಟಿದೆ. ವೇಗದ ಮಿತಿ ಮೀರಿದ್ದಕ್ಕೆ ಅವರು ದಂಡ ಹಾಕುವಂತಿಲ್ಲ. ಸಂಚಾರ ಸಾಗಿಸಲು, ಜನರಿಗೆ ಅಪಾಯ ತಪ್ಪಿಸಲು ಮಾತ್ರ ಆ ಅಧಿಕಾರ. ಆದರೆ ಸಮವಸ್ತ್ರದಲ್ಲಿರುವ ಅವರ ಮಾತು ಮೀರಿದರೆ ಅದು ಅಪರಾಧ. 1,000 ಪೌಂಡ್‌ವರೆಗೆ ದಂಡ ಬೀಳಬಹುದು, ಲೈಸೆನ್ಸ್‌ಗೂ ಕುತ್ತು ಬರಬಹುದು. ಅವರ ಗಾಡಿಗೆ ಹಳದಿ ಕಪ್ಪು ಚೌಕಗಳು, ದೂರದಿಂದಲೇ ಗುರುತು ಸಿಗುತ್ತದೆ. ಅಲ್ಲೂ ‘ಇವರೇನು ಪೊಲೀಸರಾ’ ಎಂದು ಗೊಣಗುವ ಚಾಲಕರು ಇದ್ದಾರಂತೆ. ಆದರೂ ಹಿಂದೆ ಕಾನೂನು ಇರುವುದರಿಂದ ನಿಲ್ಲಿಸುತ್ತಾರೆ ಎಂದ.

ನಮಗೆ ಬೇಕಾಗಿರುವುದೂ ಇಷ್ಟೇ. ಗಸ್ತಿನವರಿಗೆ ದಂಡದ ಪುಸ್ತಕ ಕೊಡಬೇಡಿ. ಕೊಟ್ಟರೆ ಹಳೇ ರೋಗ ಅಲ್ಲಿಗೂ ಅಂಟುತ್ತದೆ. ಅಪಾಯ ಇದ್ದ ಕಡೆ ನಿಲ್ಲಿಸುವ, ಲೇನ್ ಬದಲಿಸುವ ಅಧಿಕಾರ ಮಾತ್ರ ಕೊಡಿ. ಅದಕ್ಕೆ ತಕ್ಕ ತರಬೇತಿ ಕೊಡಿ. ದೇಶಕ್ಕೆಲ್ಲಾ ಒಂದೇ ಸಮವಸ್ತ್ರ, ಗಾಡಿಗೆ ಒಂದೇ ಬಣ್ಣ, ಎದೆ ಮೇಲೆ ದೊಡ್ಡ ಅಕ್ಷರದ ನಂಬರ್ ಇರಲಿ. ಆಗ ಕಳ್ಳನಾ ಗಸ್ತಿನವನಾ ಎನ್ನುವ ಅನುಮಾನವೂ ಕಡಿಮೆ ಆಗುತ್ತದೆ. ಕಾನೂನು ಬದಲಾಗಲು ವರ್ಷಗಳು ಹಿಡಿಯಬಹುದು. ಅಲ್ಲಿವರೆಗೆ ರಾತ್ರಿ ಪಾಳಿಯಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಗಸ್ತು ಗಾಡಿಯಲ್ಲೇ ಕೂರುವಂತೆ ಜಿಲ್ಲಾ ಮಟ್ಟದಲ್ಲೇ ಏರ್ಪಾಡು ಮಾಡಲು ಸಾಧ್ಯ ಇದೆಯಾ ಎಂದು ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯ ಅಧಿಕಾರಿಗಳು ಕೂತು ನೋಡಲಿ.

ಸೇವೆಯಲ್ಲಿ ಕೊರತೆ ಇಲ್ಲವೇ? ಇದೆ. ಆ ಹುಡುಗರು ಹಾಕಿದ್ದ ಜಾಕೆಟ್ ತೊಳೆದು ತೊಳೆದು ಹೊಳಪೇ ಇರಲಿಲ್ಲ. ಒಬ್ಬನ ಕೈಯಲ್ಲಿ ಬೆಳಕಿನ ಕೋಲು ಇತ್ತು, ಇನ್ನೊಬ್ಬನ ಹತ್ತಿರ ಬರೀ ಬಟ್ಟೆ ಬಾವುಟ. ಕತ್ತಲಲ್ಲಿ ಬಟ್ಟೆ ಬಾವುಟ ಯಾರಿಗೆ ಕಾಣುತ್ತದೆ? ಗುತ್ತಿಗೆ ಹಿಡಿದವರು ಯಾರೇ ಇರಲಿ, ಇದು ಉಳಿತಾಯ ಮಾಡುವ ಜಾಗ ಅಲ್ಲ. ಕ್ರೇನ್ ಬರುವುದು ಗಸ್ತು ಗಾಡಿಗಿಂತ ಬಹಳ ತಡವಾಯಿತು. ಆ ತಡದಲ್ಲೇ ಅಪಾಯ ಜಾಸ್ತಿ.

ಈ ದಾರಿಯಲ್ಲಿ ಓಡಾಡುವವರಿಗೆ ಕೆಲವು ಮಾತು. 1033 ನಂಬರ್ ಮೊಬೈಲ್‌ನಲ್ಲಿ ಇರಲಿ. ಪೆಟ್ಟಾಗಿದ್ದರೆ 112ಕ್ಕೂ ಮಾಡಿ. ದಾರಿಯಲ್ಲಿ ಹೋಗುವಾಗಲೇ ಕಿಲೋಮೀಟರ್ ಕಲ್ಲುಗಳ ಮೇಲೆ ಕಣ್ಣಿಡಿ, ‘ಆನಗೋಡು ದಾಟಿ ಸ್ವಲ್ಪ ಮುಂದೆ’ ಎಂದರೆ ಅವರು ಹುಡುಕುತ್ತಾ ಕೂರಬೇಕಾಗುತ್ತದೆ. ಗಾಡಿ ಕೆಟ್ಟರೆ ಒಳಗೆ ಕೂರಬೇಡಿ, ಹಿಂದೆ ನಿಂತು ಟೈರ್ ನೋಡಬೇಡಿ, ತಡೆಬೇಲಿ ಆಚೆ ಹೋಗಿ. ತ್ರಿಕೋನದ ರಿಫ್ಲೆಕ್ಟರ್ ಇದ್ದರೆ ಸಾಕಷ್ಟು ಹಿಂದೆ ಇಡಿ.

ಬಾವುಟ ಕಂಡರೆ ವೇಗ ಇಳಿಸಿ. ಕಳ್ಳರ ಭಯ ಇದ್ದರೆ ಗಾಜು ಏರಿಸಿ, ಬಾಗಿಲು ಲಾಕ್ ಮಾಡಿಕೊಂಡು ನಿಧಾನಕ್ಕೆ ದಾಟಿ ಹೋಗಿ. ಅವರು ತೋರಿಸಿದ ಲೇನ್‌ನಲ್ಲೇ ಹೋಗಿ. ಅನುಮಾನ ಬಂದರೆ ಮುಂದಿನ ಟೋಲ್‌ನಲ್ಲಿ ನಿಲ್ಲಿಸಿ ವಿಚಾರಿಸಿ. ಹೆಬ್ಬಾಳು ಟೋಲ್ ಈ ದಾರಿಯಲ್ಲೇ ಇದೆ, ಹಿರಿಯೂರು ಕಡೆ ಹೋದರೆ ಗುಯಿಲಾಳು ಇದೆ.

ಕೆಲಸಕ್ಕೆ ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ. ಸಲಕರಣೆಗೆ ಎರಡು. ಅಧಿಕಾರದ ಸೊನ್ನೆ ಆ ಹುಡುಗರದ್ದಲ್ಲ, ಅದನ್ನು ತುಂಬಬೇಕಾದವರು ದೆಹಲಿಯಲ್ಲೂ ಬೆಂಗಳೂರಿನಲ್ಲೂ ಇದ್ದಾರೆ.