ಲಂಟಾನ ಕೀಳುವ ಗುತ್ತಿಗೆ ತಂಡ: ತೋಟಕ್ಕೆ ಸರಿ, ಕಂದಕದಾಚೆಗೆ ಬೇಡ

ನಾಗರಹೊಳೆ ಅಂಚಿನ ಕಾಫಿ ತೋಟಗಳಲ್ಲಿ ಕೆಲಸ ಹಿಡಿಯುವ ಈ ತಂಡ ಬ್ರಷ್ ಕಟರ್ (ಪೊದೆ ಸವರುವ ಯಂತ್ರ) ತರುವುದಿಲ್ಲ. ಮೊದಲ ಮೆಚ್ಚುಗೆ ಅದಕ್ಕೇ. ಮೇಲಿಂದ ಸವರಿದ ಲಂಟಾನ ಎಂಬ ಈ ಪೊದೆಕಳೆ ನಾಲ್ಕು ಮಳೆ ಬಿದ್ದರೆ ಬುಡದಿಂದ ಇನ್ನಷ್ಟು ಕವಲೊಡೆದು ಏಳುತ್ತದೆ. ಇವರು ಪಿಕಾಸಿ ಹಾಕಿ, ನೆಲಮಟ್ಟದಿಂದ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರು ಕಡಿದು, ಇಡೀ ಪೊದೆಯನ್ನು ತಲೆಕೆಳಗಾಗಿ ಮಗುಚುತ್ತಾರೆ. ಬೇರಿಗೆ ಮಣ್ಣು ತಾಗದಿದ್ದರೆ ಮತ್ತೆ ಚಿಗುರುವ ಮಾತಿಲ್ಲ. ಕಾಯಿ ಹಣ್ಣಾಗುವ ಮೊದಲೇ ಕರೆಸಿ; ಆಮೇಲಾದರೆ ಬೀಜ ಉದುರಿಸಿದಂತೆಯೇ.

ಕೊರತೆ ಎಂದರೆ ಎರಡನೇ ಸುತ್ತು ದರದಲ್ಲಿ ಸೇರಿಲ್ಲ. ಹಣ್ಣು ತಿಂದ ಪಿಕಳಾರ ಹಕ್ಕಿಗಳು ಕೂರುವ ನೆರಳುಮರಗಳ ಬುಡದಲ್ಲಿ ಮಳೆಯ ನಂತರ ಸಸಿ ಏಳುತ್ತವೆ. ಅವನ್ನು ಕೈಯಲ್ಲಿ ಕೀಳದಿದ್ದರೆ ಕೊಟ್ಟ ಹಣ ನೀರುಪಾಲು.

ದೊಡ್ಡ ತಕರಾರು ಬೇರೆಯದು. ತೋಟಕ್ಕೂ ಕಾಡಿಗೂ ನಡುವೆ ಆನೆ ತಡೆಯಲು ತೋಡಿದ ಕಂದಕವಿರುತ್ತದೆ. ‘ಆನೆ ಕಂದಕದ ಆಚೆಯದನ್ನೂ ಸ್ವಲ್ಪ ತೆಗೆದುಬಿಡೋಣ, ಯಾರು ಕೇಳ್ತಾರೆ?’ ಎನ್ನುತ್ತಾರೆ. ಒಪ್ಪಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದಲ್ಲಾಗಲಿ, ಬ್ರಹ್ಮಗಿರಿ, ಪುಷ್ಪಗಿರಿಯಂಥ ಅಭಯಾರಣ್ಯದಲ್ಲಾಗಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಇಲ್ಲದೆ ಗಿಡ ಕೀಳುವಂತಿಲ್ಲ; ಕಳೆ ಎಂಬ ಸಬೂಬು ನಡೆಯದು. ಕಾನೂನು ಬದಿಗಿಟ್ಟರೂ, ಅವಸರದ ಪಿಕಾಸಿಗೆ ಪೊದೆಯೊಳಗಿನ ಬೀಟೆ, ಮತ್ತಿ ಸಸಿಗಳೂ ಬಲಿ. ಬೋಳಾದ ನೆಲಕ್ಕೆ ಹುಲ್ಲಿಗಿಂತ ಮೊದಲು ಯುಪಟೋರಿಯಂ ಎಂಬ ಇನ್ನೊಂದು ಕಳೆ ಬಂದು ಕೂರುತ್ತದೆ. ಒಳಗೆ ಆನೆ ಮಲಗಿದ್ದರೆ ಓಡಲೂ ದಾರಿಯಿಲ್ಲ.

ಕರಾರಿನಲ್ಲಿ ಸರ್ವೆ ನಂಬರ್, ಗಡಿಕಲ್ಲು ಬರೆಸಿ. ಕೂಲಿಯ ಒಂದು ಪಾಲನ್ನು ಮಳೆಗಾಲದ ಸಸಿ ಕೀಳುವವರೆಗೆ ಹಿಡಿದಿಡಿ.