ದೋಸೆಗೆ ಗಾಂಧಿ ಬಜಾರ್, ಇಡ್ಲಿಗೆ ಲಾಲ್‌ಬಾಗ್ ರಸ್ತೆ

ಬೆಂಗಳೂರಲ್ಲಿ ಭಾನುವಾರ ಹೊರಗೆ ತಿಂಡಿ ಅಂದರೆ ನಮ್ಮ ಮನೆಯಲ್ಲಿ ದೋಸೆಯೋ ಇಡ್ಲಿಯೋ ಅಂತ ಇದೇ ಜಗಳ.

ದೋಸೆಯೇ ಬೇಕಾದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರಿಂದ ಇದೆ. ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಚಟ್ನಿ ತೆಳ್ಳಗೆ, ಸುಮ್ನೆ ದೋಸೆ ಮೇಲೇ ಸುರಿಸಿಕೊಳ್ಳಿ. ಕಾಯಬೇಕು ನಿಜ. ಆದರೆ ಒಂದೇ ಕೈ ಮೇಲೆ ಅಷ್ಟೊಂದು ತಟ್ಟೆ ಪೇರಿಸಿಕೊಂಡು ಬರುವವರನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಶುಕ್ರವಾರ ರಜೆ.

ಲಾಲ್‌ಬಾಗ್ ರಸ್ತೆಯ ಎಂಟಿಆರ್ (ಮಾವಳ್ಳಿ ಟಿಫಿನ್ ರೂಮ್ಸ್) 1924ರದ್ದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ಇಲ್ಲೇ ಅನ್ನುತ್ತಾರೆ. ಅದನ್ನೇ ತಿನ್ನಿ, ಸಾಗು ಜೊತೆ. ಲಾಲ್‌ಬಾಗ್ ತೋಟದಲ್ಲಿ ವಾಕಿಂಗ್ ಮುಗಿಸಿ ಬರುವವರಿಗೆ ಹತ್ತಿರ. ಸೋಮವಾರ ಹೋಗಬೇಡಿ, ಬಾಗಿಲು ಹಾಕಿರುತ್ತೆ.

ಮಾಂಸ ಬೇಕಾ? ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್‌ನ ದೊನ್ನೆ ಬಿರಿಯಾನಿ. ನನ್ನ ಓಟು ಮಾತ್ರ ದೋಸೆಗೇ.